ಬಿಟ್ಟ ಕೋಲನ್ನು ಮತ್ತೆ ಹಿಡಿದಾಗ

ಈಜು ಕಲಿತವನು ಈಜನ್ನು ಮರೆಯುವುದಿಲ್ಲ, ಸೈಕಲ್ ಕಲಿತವನು ಸವಾರಿಯನ್ನು ಮರೆಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮಾತು ನಿಜವೇ ಇರಬೇಕು. ಆದರೆ ಅದನ್ನು ಹೇಳಿದ ಹಿರಿಯರು ಯಾರೂ ಗಾಲ್ಫ್ ಆಡಿದವರಲ್ಲವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಿನ್ನೆ ಸಂಜೆ ಕೈವಶವಾದಂತೆ ತೋರಿದ ವಿದ್ಯೆ ಇಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋಗಿರುವುದು ಈ ಆಟದ ಸ್ವಭಾವ. ದಿನವೂ ಆಡುವವರ ಗತಿಯೇ ಹೀಗಿರುವಾಗ, ಇಪ್ಪತ್ತಮೂರು ವರ್ಷ ಅದರ ಗೊಡವೆಗೇ ಹೋಗದೆ, ಅರುವತ್ತಮೂರನೆಯ ವಯಸ್ಸಿನಲ್ಲಿ ಮತ್ತೆ ಕೋಲು ಹಿಡಿದವನ ಪಾಡು ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು. ಊಹಿಸುವ ಶ್ರಮವನ್ನು ತಪ್ಪಿಸಲೆಂದೇ ಈ ಲೇಖನ.

ಗಾಲ್ಫ್ ಎಂದೊಡನೆ ನಮ್ಮಂಥವರ ಮನೆಗಳಲ್ಲಿ ಹುಬ್ಬುಗಳು ಮೇಲೇರುವುದುಂಟು. ಅದು ದೊರೆಗಳ ಆಟ, ಕಂಪೆನಿಯ ದೊಡ್ಡ ಸಾಹೇಬರ ಆಟ ಎಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ಆಟದ ತಿರುಳನ್ನು ನೋಡಿದರೆ ಅದು ನಮ್ಮ ದಕ್ಷಿಣ ಕನ್ನಡದ ಮಕ್ಕಳು ಕೊಯ್ಲು ಮುಗಿದ ಗದ್ದೆಗಳಲ್ಲಿ ಆಡುತ್ತಿದ್ದ ಕುಟ್ಟಿದೊಣ್ಣೆಗೆ ದೂರದ ನೆಂಟನೇ ಸರಿ. ಅಲ್ಲಿ ಕುಟ್ಟಿ, ಇಲ್ಲಿ ಚೆಂಡು. ಅಲ್ಲಿ ದೊಣ್ಣೆ, ಇಲ್ಲಿ ಕೋಲು. ಚೆಂಡಿನ ತೂಕ 45.93 ಗ್ರಾಮನ್ನು ಮೀರಬಾರದು. ಒಂದು ಸಣ್ಣ ಕೋಳಿಮೊಟ್ಟೆಯ ತೂಕವೆನ್ನಿ. ಕುಳಿಯ ಅಗಲ 108 ಮಿಲಿಮೀಟರು, ಎಂದರೆ ನಾಲ್ಕೂಕಾಲು ಅಂಗುಲ. 1891ರಲ್ಲಿ ಗೊತ್ತುಪಡಿಸಿದ ಈ ಅಳತೆ ಇಂದಿಗೂ ಬದಲಾಗಿಲ್ಲ. ನೂರೋ ಇನ್ನೂರೋ ನಾನೂರೋ ಗಜಗಳಾಚೆ ಇರುವ ಆ ಕುಳಿಗೆ ಈ ಚೆಂಡನ್ನು ಎಷ್ಟು ಕಡಮೆ ಹೊಡೆತಗಳಲ್ಲಿ ಮುಟ್ಟಿಸುತ್ತೀರಿ ಎಂಬುದಷ್ಟೇ ಪ್ರಶ್ನೆ. ಹದಿನೆಂಟು ಕುಳಿಗಳಾದರೆ ಒಂದು ಪೂರ್ಣ ಸುತ್ತು. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳಿರಬಾರದು. ಎದುರಾಳಿ ನಿಮ್ಮ ಚೆಂಡನ್ನು ಮುಟ್ಟುವುದಿಲ್ಲ, ನಿಮಗೆ ಅಡ್ಡ ಬರುವುದೂ ಇಲ್ಲ. ಆದುದರಿಂದ ಸೋತಾಗ ದೂರುವುದಕ್ಕೆ ನಿಮ್ಮ ಹೊರತು ಮತ್ತಾರೂ ಸಿಕ್ಕುವುದಿಲ್ಲ.

ನಾನು ಈ ಆಟವನ್ನು ಕಲಿತದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಸುರತ್ಕಲ್ಲಿನ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿ 1983ರಲ್ಲಿ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಕರಾವಳಿಯ ಹಸುರಿನಲ್ಲಿ ಬೆಳೆದ ಕಣ್ಣಿಗೆ ಆ ಊರು ಮೊದಮೊದಲು ಬೇರೊಂದು ಲೋಕದಂತೆ ಕಂಡಿತು. ಅದಿರಿನಿಂದ ಚಿನ್ನವನ್ನು ತೆಗೆದುಕೊಂಡು ಹೊರಗೆ ಚೆಲ್ಲಿದ ಪುಡಿಮಣ್ಣು ಗುಡ್ಡಗುಡ್ಡವಾಗಿ ನಿಂತಿತ್ತು. ಊರಿನವರು ಅವನ್ನು ಸೈನೈಡ್ ಗುಡ್ಡಗಳೆಂದು ಕರೆಯುತ್ತಿದ್ದರು. ಗಾಳಿ ಬೀಸಿದರೆ ಆ ಧೂಳು ಅನ್ನದ ತಟ್ಟೆಯವರೆಗೂ ಬರುತ್ತಿತ್ತು. 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡ ಊರು ಅದು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಸಾವಿರ ಮೀಟರಿಗೂ ಮಿಗಿಲು. ಅಷ್ಟು ಕೆಳಗೆ ಬಂಡೆಯನ್ನು ಮುಟ್ಟಿದರೆ ಕೈಗೆ ಬಿಸಿ ತಾಕುತ್ತದೆ. ಮೇಲಿನ ನೆಲದ ಭಾರಕ್ಕೆ ಬಂಡೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತದೆ. ಅದಕ್ಕೆ ಅಲ್ಲಿಯವರು ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು. ರಾತ್ರಿ ಮನೆಯ ಪಾತ್ರೆಗಳು ನಡುಗಿದರೆ ಮಕ್ಕಳು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಹೆಂಗಸರು ಮಾತ್ರ ಎದ್ದು ಕುಳಿತು ಪಾಳಿಗೆ ಹೋದವರು ಮರಳುವವರೆಗೂ ಕಾಯುತ್ತಿದ್ದರು.

ಜಾನ್ ಟೇಲರ್ ಕಂಪೆನಿಯ ಆಂಗ್ಲರು 1880ರ ದಶಕದಲ್ಲಿ ಗಣಿಗಾರಿಕೆಯನ್ನು ಬೆಳೆಸಿದಾಗ ತಮ್ಮ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳನ್ನೂ ಕಟ್ಟಿಕೊಂಡರು. 1956ರಲ್ಲಿ ಗಣಿಯನ್ನು ಮೈಸೂರು ಸರಕಾರ ವಹಿಸಿಕೊಂಡಿತು. ಸಾಹೇಬರು ಒಬ್ಬೊಬ್ಬರಾಗಿ ಹಡಗು ಹತ್ತಿದರು. ಆಟ ಮಾತ್ರ ಉಳಿದುಕೊಂಡಿತು. ನನ್ನ ಮೇಲಧಿಕಾರಿಗಳು ಒಂದು ಭಾನುವಾರ ನನ್ನ ಕೈಗೆ ಕೋಲು ಕೊಟ್ಟು, “ವಾರವೆಲ್ಲ ನೆಲದ ಕೆಳಗೆ ಇದ್ದವನು ಒಂದು ದಿನವಾದರೂ ಆಕಾಶವನ್ನು ನೋಡಬೇಕು” ಎಂದರು. ಆ ದಿನ ನಾನು ಹೊಡೆದ ಮೊದಲ ಚೆಂಡು ಆಕಾಶವನ್ನು ಕಾಣದೆ ಇಲಿಯಂತೆ ಹುಲ್ಲಿನಲ್ಲಿ ಓಡಿತು. ಎರಡನೆಯದೂ ಹಾಗೆಯೇ. ಎಂಟನೆಯದೋ ಒಂಬತ್ತನೆಯದೋ ಮೇಲೆದ್ದಿತು. ಕೈಗೆ ಪೆಟ್ಟಿನ ಭಾರವೇ ತಿಳಿಯದೆ, ‘ಟಕ್’ ಎಂಬ ಸಣ್ಣ ಸದ್ದಿನೊಡನೆ ಚೆಂಡು ಹೋಗುತ್ತಲೇ ಇದ್ದಿತು. ಹದಿನೆಂಟು ವರ್ಷ ಆ ಸದ್ದಿಗಾಗಿಯೇ ಆಡಿದೆನೆಂದರೆ ಅತಿಶಯೋಕ್ತಿಯಲ್ಲ.

ನನ್ನ ಚೀಲವನ್ನು ಹೊರಲು ಒಬ್ಬ ಹುಡುಗ ಬರುತ್ತಿದ್ದ. ಗಣಿ ಕಾರ್ಮಿಕನ ಮಗ. ಇಪ್ಪತ್ತರ ಹತ್ತಿರದ ಪ್ರಾಯ. ಅವನ ಮನೆಮಾತು ತಮಿಳು, ನನ್ನದು ತುಳು. ಇಬ್ಬರೂ ಕನ್ನಡದ ಸೇತುವೆಯ ಮೇಲೆ ಭೇಟಿಯಾಗುತ್ತಿದ್ದೆವು. ನನಗಿಂತ ಅವನಿಗೆ ಆಟ ಚೆನ್ನಾಗಿ ತಿಳಿದಿತ್ತು. ನಾನು ಐದನೆಯ ನಂಬರಿನ ಕೋಲಿಗೆ ಕೈ ಹಾಕಿದರೆ ಅವನು ಮಾತಾಡದೆ ಏಳನೆಯದನ್ನು ಮುಂದೆ ಹಿಡಿಯುತ್ತಿದ್ದ. ಅವನ ಲೆಕ್ಕವೇ ಸರಿಯಾಗುತ್ತಿತ್ತು. ಚೀಲ ಹೊರುವವರು ಆಟಗಾರರಾಗುವುದು ಕಥೆಯಲ್ಲ. ಬೆಂಗಳೂರಿನಲ್ಲಿ ಹಾಗೆಯೇ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ನಮ್ಮ ಹುಡುಗನಿಗೆ ಆ ಭಾಗ್ಯ ಒದಗುವುದಕ್ಕೆ ಮೊದಲೇ ಊರಿನ ಭಾಗ್ಯ ಮುಗಿದಿತ್ತು.

2001ನೆಯ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನವನ್ನು ಕೊಟ್ಟ ನೆಲದಲ್ಲಿ ಮಾರನೆಯ ದಿನ ಸೈರನ್ ಕೂಗಲಿಲ್ಲ. ಪಾಳಿಯ ಸೈರನ್ನಿಗೆ ಏಳುತ್ತಿದ್ದ ಊರು ಆ ಬೆಳಿಗ್ಗೆ ಎಚ್ಚರವಾಗಿಯೇ ಇದ್ದು ಏಳಲಿಲ್ಲ. ನಾನು ಇಂಜಿನಿಯರನಾದುದರಿಂದ ಬೇರೆಡೆ ಕೆಲಸ ಸಿಕ್ಕುವ ಭರವಸೆಯಿತ್ತು. ಗಣಿಯನ್ನೇ ನಂಬಿ ಮೂರು ನಾಲ್ಕು ತಲೆಮಾರು ಬಾಳಿದ ಸಾವಿರಾರು ಸಂಸಾರಗಳಿಗೆ ಅದಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಜೀವನವನ್ನು ಆರಂಭಿಸಿದರು. ಆ ದುಃಖದ ಎದುರಿಗೆ ಒಬ್ಬ ಅಧಿಕಾರಿಯ ಆಟ ನಿಂತಿತೆಂದು ಹೇಳಲು ನಾಲಿಗೆ ಏಳುವುದಿಲ್ಲ. ಊರು ಬಿಡುವ ಮುನ್ನಾದಿನ ಹುಡುಗ ಮನೆಗೆ ಬಂದು ಸಾಮಾನು ಕಟ್ಟಲು ಕೈಹಚ್ಚಿದ. ಕೊಡುವುದಕ್ಕೆ ಹಣವಿರಲಿಲ್ಲ, ಹಣ ಕೊಟ್ಟರೆ ತೆಗೆದುಕೊಳ್ಳುವ ಹುಡುಗನೂ ಅವನಲ್ಲ. ಚೀಲದಿಂದ ಏಳನೆಯ ನಂಬರಿನ ಕೋಲನ್ನು ತೆಗೆದು ಅವನ ಕೈಗಿತ್ತೆ. ಅವನು ಅದನ್ನು ಎರಡು ಕೈಗಳಲ್ಲಿಯೂ ತೆಗೆದುಕೊಂಡ.

ಮಂಗಳೂರಿಗೆ ಬಂದು ಹೊಸ ಕೆಲಸ ಹಿಡಿದದ್ದಾಯಿತು. ಮೊದಲಿನ ಅರ್ಧ ಸಂಬಳ. ಮಗಳ ಶಾಲೆ, ತಾಯಿಯ ಔಷಧ, ಮನೆಯ ಸಾಲ ಇವುಗಳ ನಡುವೆ ಭಾನುವಾರಗಳು ಎಲ್ಲಿ ಹೋದವೋ ತಿಳಿಯದು. ಗಾಲ್ಫ್ ಚೀಲ ಬಿಜೈಯ ನಮ್ಮ ಮನೆಯ ಅಟ್ಟವನ್ನೇರಿತು. ಯಾರಾದರೂ ಆಟದ ಮಾತೆತ್ತಿದರೆ “ನನ್ನ ಹ್ಯಾಂಡಿಕ್ಯಾಪ್ ಹದಿನಾಲ್ಕಿತ್ತು” ಎಂದು ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದೆ. ಹ್ಯಾಂಡಿಕ್ಯಾಪ್ ಎಂದರೆ ಏನೆಂದು ಮುಂದೆ ಹೇಳುತ್ತೇನೆ. ಇಲ್ಲಿ ಇಷ್ಟು ಸಾಕು: ಕೆಲವರು ತಮ್ಮ ಹಳೆಯ ಹುದ್ದೆಯನ್ನು ನಿವೃತ್ತಿಯ ನಂತರವೂ ಮನೆಯ ಫಲಕದ ಮೇಲೆ ಬರೆಸಿಕೊಂಡಿರುತ್ತಾರಲ್ಲವೆ, ಆ ಹದಿನಾಲ್ಕು ನನಗೆ ಹಾಗೆಯೇ ಆಗಿತ್ತು.

ಅರುವತ್ತಕ್ಕೆ ನಿವೃತ್ತಿಯಾಯಿತು. ಮರುವರ್ಷ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡುವುದಕ್ಕೂ ಇನ್ನೊಬ್ಬರ ಸಹಾಯ ಬೇಕಾದ ಕಾಲ ಅದು. ವ್ಯಾಯಾಮದಿಂದ ಭುಜ ಮೆಲ್ಲನೆ ಸಡಿಲವಾದ ಮೇಲೆ ವೈದ್ಯರು ನಡೆಯಿರಿ, ತೋಳನ್ನು ಬೀಸಿ ನಡೆಯಿರಿ ಎಂದರು. ಕದ್ರಿಯ ಉದ್ಯಾನದಲ್ಲಿ ಸುತ್ತು ಹಾಕತೊಡಗಿದೆ. ಅಲ್ಲಿ ನನ್ನಂಥ ನಿವೃತ್ತರು ನಡೆಯುತ್ತ ಮಾತಾಡುವುದೆಲ್ಲ ‘ಇತ್ತು’, ‘ಆಗಿತ್ತು’, ‘ಇದ್ದೆವು’ ಎಂದೇ ಕೊನೆಗೊಳ್ಳುವುದನ್ನು ಕೇಳುತ್ತ ಕೇಳುತ್ತ ಒಂದು ದಿನ ಭಯವಾಯಿತು. ನಾನೂ ವರ್ತಮಾನಕಾಲವನ್ನು ಕಳೆದುಕೊಂಡಿದ್ದೆ.

ಆ ವಾರವೇ ಶ್ರೀಮತಿ ಅಟ್ಟ ಗುಡಿಸಲು ಹೊರಟಳು. ಮಳೆಗಾಲದ ಬೂಷ್ಟು ಹಿಡಿದು ಬಿಳಿಚಿಕೊಂಡ ಚೀಲವನ್ನು ಕೆಳಗಿಳಿಸಿ, “ಇದನ್ನು ಗುಜರಿಗೆ ಕೊಡುವುದೋ, ನೀವು ಮುಟ್ಟುವುದೋ, ಒಂದು ಹೇಳಿಬಿಡಿ ಮಾರಾಯ್ರೆ” ಎಂದಳು. ಅಂದು ಊಟಕ್ಕೆ ಬಂದಿದ್ದ ಅವಳ ತಮ್ಮ, “ಭಾವ, ಪಿಲಿಕುಳದಲ್ಲಿ ಮೈದಾನ ಉಂಟಲ್ಲ, ನಾಳೆಯೇ ಹೋಗುವ” ಎಂದ. ಗುಜರಿಯವನಿಗಿಂತ ಮೊದಲು ಭಾವಮೈದ ಮಾತಾಡಿದ್ದರಿಂದ ಚೀಲ ಉಳಿಯಿತು.

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ವಾಮಂಜೂರಿನ ಬಳಿ, ಮೂಡುಶೆಡ್ಡೆಯಲ್ಲಿ, ಡಾ. ಶಿವರಾಮ ಕಾರಂತರ ಹೆಸರನ್ನು ಹೊತ್ತ ಪಿಲಿಕುಳ ನಿಸರ್ಗಧಾಮವಿರುವುದು ಊರಿನ ಮಕ್ಕಳಿಗೆಲ್ಲ ಗೊತ್ತು. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಪ್ರತೀತಿ. ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ ಇವನ್ನೆಲ್ಲ ನೋಡಿ ಬಂದವರಲ್ಲಿ ಅಲ್ಲೊಂದು ಗಾಲ್ಫ್ ಮೈದಾನವೂ ಇದೆಯೆಂದು ತಿಳಿದವರು ಕಡಮೆ. ಕೋಲಾರದ ಒಣ ಬಯಲಿಗೂ ಇದಕ್ಕೂ ಅಜಗಜಾಂತರ. ಏರಿಳಿವಿನ ಮುರಕಲ್ಲಿನ ನೆಲ, ಸುತ್ತ ಮರಗಳು, ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆಯಾದುದರಿಂದ ಎಲ್ಲೆಲ್ಲೂ ಹಸುರು. ಮಳೆ ನಿಂತ ಹೊಸತರಲ್ಲಿ ಚೆಂಡು ನೆಲಕ್ಕೆ ಬಿದ್ದಲ್ಲಿಯೇ ಅಂಟಿಕೊಳ್ಳುತ್ತದೆ. ಮಾರ್ಚಿನಲ್ಲಿ ನೆಲ ಗಟ್ಟಿಯಾದಾಗ ಅದೇ ಚೆಂಡು ಕುಪ್ಪಳಿಸಿ ಇಪ್ಪತ್ತು ಗಜ ಮುಂದೆ ಹೋಗುತ್ತದೆ. ತೂಕಡಿಸುವವನನ್ನೂ ಎಚ್ಚರಗೊಳಿಸುವ ಮೈದಾನ.

ಮೊದಲ ದಿನ ಹತ್ತು ಬಾರಿ ಬೀಸಿದೆ. ಮೂರು ಬಾರಿ ಚೆಂಡು ಕದಲಲೇ ಇಲ್ಲ. ನಾಲ್ಕು ಬಾರಿ ಬಲಗಡೆಯ ಪೊದೆಗೆ ಹೋಯಿತು. ಮಿಕ್ಕ ಮೂರನ್ನು ವರ್ಣಿಸುವುದು ಬೇಡ. ಭಾವಮೈದ ಮರ್ಯಾದಸ್ಥ; ಮರದ ಮೇಲಿನ ಹಕ್ಕಿಯನ್ನು ನೋಡುತ್ತಿದ್ದ.

ಹೀಗೇಕಾಯಿತೆಂದು ಅಲ್ಲಿ ಆಟ ಕಲಿಸುವ ತರುಣನನ್ನು ಕೇಳಿದೆ. ಅವನು ಹೇಳಿದ್ದು ಯೋಚಿಸತಕ್ಕ ವಿಷಯ. ನಾನು ಮರೆತುದರಿಂದಲ್ಲ, ಮರೆಯದೆ ಇದ್ದುದರಿಂದ ಹೀಗಾಯಿತಂತೆ! ನನ್ನ ಮನಸ್ಸಿನಲ್ಲಿ ಉಳಿದಿರುವುದು ನಲುವತ್ತು ವರ್ಷದವನ ಬೀಸು. ಆ ಬೀಸಿನಲ್ಲಿ ಸೊಂಟ ಮೊದಲು ತಿರುಗಿ, ಭುಜ ಅದನ್ನು ಹಿಂಬಾಲಿಸಿ, ಕೋಲು ಕೊನೆಗೆ ಚೆಂಡಿಗೆ ಬರಬೇಕು. ಈಗ ಮನಸ್ಸು ಹಳೆಯ ಹೊತ್ತಿಗೆ ಸರಿಯಾಗಿ ಆಜ್ಞೆ ಕೊಡುತ್ತದೆ. ಸೊಂಟ ಅಷ್ಟು ತಿರುಗುವುದಿಲ್ಲ. ಅದರ ಕೊರತೆಯನ್ನು ತೋಳುಗಳು ತುಂಬಲು ಅವಸರಪಡುತ್ತವೆ. ಕೋಲಿನ ಮುಖ ಓರೆಯಾಗಿ ಚೆಂಡು ಬಲಕ್ಕೆ ಹಾರುತ್ತದೆ. “ಸರ್, ನೀವು ಆ ಹಳೆಯ ಆಟಗಾರನನ್ನು ಹುಡುಕಬೇಡಿ. ಕುಳಿಯಿಂದ ಹಿಂದಕ್ಕೆ ಕಲಿಯುತ್ತ ಬನ್ನಿ” ಎಂದ.

ಕುಳಿಯಿಂದ ಹಿಂದಕ್ಕೆ ಕಲಿಯುವುದೆಂದರೆ ಹೀಗೆ. ಮೊದಲು ಮೂರು ಅಡಿಯಿಂದ ಚೆಂಡನ್ನು ಕುಳಿಗೆ ಉರುಳಿಸಬೇಕು. ಅದು ಬಂದ ಮೇಲೆ ಹತ್ತು ಅಡಿ. ಆಮೇಲೆ ಮೂವತ್ತು ಗಜದಿಂದ ಮೆಲ್ಲನೆ ಎತ್ತಿ ಹಾಕುವುದು. ಅದಾದ ಮೇಲೆ ಅರ್ಧ ಬೀಸು. ಎಲ್ಲಕ್ಕೂ ಕೊನೆಗೆ ಉದ್ದನೆಯ ಕೋಲು. ಇದಕ್ಕೆ ಕಾರಣವಿದೆ. ಒಂದು ಸುತ್ತಿನ ಹೊಡೆತಗಳಲ್ಲಿ ಬಹುಪಾಲು ಕುಳಿಯ ಸಮೀಪದಲ್ಲಿಯೇ ವೆಚ್ಚವಾಗುತ್ತವೆ. ಅಲ್ಲಿ ಬೇಕಾದದ್ದು ಬಲವಲ್ಲ, ಕಣ್ಣಳತೆ ಮತ್ತು ತಾಳ್ಮೆ. ಇವೆರಡೂ ವಯಸ್ಸಿನೊಂದಿಗೆ ಬತ್ತುವ ವಸ್ತುಗಳಲ್ಲ. ಮೂರು ತಿಂಗಳು ನಮ್ಮ ನಡುಮನೆಯ ಕೆಂಪು ಗಾರೆಯ ನೆಲದ ಮೇಲೆ ಕಂಚಿನ ಲೋಟವನ್ನು ಅಡ್ಡ ಮಲಗಿಸಿ ರಾತ್ರಿ ಊಟವಾದ ಮೇಲೆ ಚೆಂಡು ಉರುಳಿಸಿದೆ. ಲೋಟಕ್ಕೆ ಬಿದ್ದಾಗ ‘ಠಣ್’ ಎನ್ನುತ್ತಿತ್ತು. “ಪೊಳಲಿ ಚೆಂಡಿಗಾದರೂ ಐದು ದಿನದ ಲೆಕ್ಕ ಉಂಟು, ನಿಮ್ಮ ಚೆಂಡು ಮುಗಿಯುವುದು ಯಾವಾಗ?” ಎಂದು ಶ್ರೀಮತಿ ಕೇಳಿದಳು. ಆದರೆ ಮರುವಾರ ಅವಳೇ ಒಂದು ಚೆಂಡನ್ನು ಉರುಳಿಸಿ ಲೋಟಕ್ಕೆ ಹಾಕಿ, ಏನೂ ಆಗದವಳಂತೆ ಒಳಗೆ ಹೋದಳು.

ಇಪ್ಪತ್ತಮೂರು ವರ್ಷದಲ್ಲಿ ಆಟವೂ ಬದಲಾಗಿತ್ತು. ನಾವು ಆಡುತ್ತಿದ್ದಾಗ ಹಳಬರ ಚೀಲಗಳಲ್ಲಿ ಇನ್ನೂ ಮರದ ತಲೆಯ ಕೋಲುಗಳಿದ್ದವು. ಈಗ ಉದ್ದನೆಯ ಕೋಲಿನ ತಲೆ ಟೈಟೇನಿಯಮ್ ಲೋಹದ್ದು, ಒಳಗೆ ಪೊಳ್ಳು, ಗಾತ್ರ ಪುಟ್ಟ ಚೊಂಬಿನಷ್ಟು. ಚೆಂಡಿನ ಒಳಗೆ ಆಗ ರಬ್ಬರಿನ ದಾರವನ್ನು ಸುತ್ತಿರುತ್ತಿತ್ತು. ಈಗ ಗಟ್ಟಿಯಾದ ತಿರುಳು. ನಿಯಮಗಳು 2019ರಲ್ಲಿ ತಿದ್ದುಪಡಿಯಾಗಿವೆ. ಕಳೆದುಹೋದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷ ಕೊಡುತ್ತಿದ್ದರು, ಈಗ ಮೂರೇ. ಕುಳಿಯಲ್ಲಿ ಬಾವುಟವನ್ನು ಹಾಗೆಯೇ ಬಿಟ್ಟು ಚೆಂಡು ಉರುಳಿಸಬಹುದು. ಆಡಲಾಗದ ಜಾಗದಿಂದ ಚೆಂಡನ್ನೆತ್ತಿ ಬೇರೆಡೆ ಹಾಕುವಾಗ ಮೊದಲು ಭುಜದ ಎತ್ತರದಿಂದ ಬಿಡಬೇಕಾಗಿತ್ತು, ಈಗ ಮೊಣಕಾಲಿನ ಎತ್ತರದಿಂದ ಬಿಟ್ಟರಾಯಿತು. ಹಿಡಿದುಕೊಂಡ ಭುಜದ ಮೇಲೆ ನಿಯಮ ಮಾಡುವವರಿಗೂ ಕನಿಕರ ಬಂದಿತೆಂದು ನಾನು ಭಾವಿಸಿದ್ದೇನೆ.

ಇನ್ನು ಹ್ಯಾಂಡಿಕ್ಯಾಪಿನ ಮಾತು. ನನ್ನ ಪಾಲಿಗೆ ಈ ಲೇಖನದ ಜೀವವೇ ಅದು. ನುರಿತ ಆಟಗಾರನಿಗಿಂತ ನೀವು ಒಂದು ಸುತ್ತಿನಲ್ಲಿ ಸುಮಾರು ಎಷ್ಟು ಹೊಡೆತ ಹೆಚ್ಚು ತೆಗೆದುಕೊಳ್ಳುತ್ತೀರೋ ಆ ಅಂಕಿಯೇ ಹ್ಯಾಂಡಿಕ್ಯಾಪ್. ಪಂದ್ಯದ ಕೊನೆಗೆ ಅಷ್ಟನ್ನು ನಿಮ್ಮ ಲೆಕ್ಕದಿಂದ ಕಳೆಯುತ್ತಾರೆ. ಹೀಗಾಗಿ ಮುದುಕನೂ ತರುಣನೂ, ಹೊಸಬನೂ ಹಳಬನೂ ಸರಿಸಮವಾಗಿ ಆಡಬಹುದು. ಬೇರೆಡೆ ನಾವು ಮುಚ್ಚಿಡುವ ಕೊರತೆಯನ್ನು ಇಲ್ಲಿ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಅದಕ್ಕೆ ಪ್ರತಿಯಾಗಿ ರಿಯಾಯಿತಿ ದೊರೆಯುತ್ತದೆ. 2020ರಿಂದ ಲೋಕಕ್ಕೆಲ್ಲ ಒಂದೇ ಪದ್ಧತಿ ಬಂದಿದೆ. ನನ್ನ ವಿವರಗಳನ್ನು ಬರೆದುಕೊಳ್ಳುತ್ತಿದ್ದ ತರುಣನಿಗೆ ರೂಢಿಯಂತೆ “ಹದಿನಾಲ್ಕಿತ್ತು” ಎಂದೆ. ಅವನು ವಿನಯದಿಂದ, “ಅದು ಲೆಕ್ಕಕ್ಕೆ ಬರುವುದಿಲ್ಲ ಸರ್. ಐವತ್ತನಾಲ್ಕು ಕುಳಿ ಆಡಿ ಚೀಟಿ ಕೊಡಿ, ಹೊಸದಾಗಿ ಬರೆಯುವ” ಎಂದ.

ಆ ಕ್ಷಣಕ್ಕೆ ಎದೆ ಚುರುಕ್ಕೆಂದಿತು. ಮನೆಯ ಫಲಕವನ್ನು ಯಾರೋ ಕಳಚಿಟ್ಟಂತಾಯಿತು. ಆದರೆ ಹೊಸ ಲೆಕ್ಕವನ್ನು ಅವನು ವಿವರಿಸಿದಂತೆಲ್ಲ ಮನಸ್ಸು ಹಗುರವಾಗುತ್ತ ಬಂತು. ಈ ಪದ್ಧತಿ ನಿಮ್ಮ ಇಡೀ ಜೀವಮಾನವನ್ನು ಕೇಳುವುದಿಲ್ಲ. ಕೊನೆಯ ಇಪ್ಪತ್ತು ಸುತ್ತುಗಳನ್ನಷ್ಟೇ ಕೇಳುತ್ತದೆ. ಆ ಇಪ್ಪತ್ತರಲ್ಲಿಯೂ ಚೆನ್ನಾಗಿ ಆಡಿದ ಎಂಟನ್ನು ಆರಿಸಿ ಸರಾಸರಿ ತೆಗೆಯುತ್ತದೆ. ಕೆಟ್ಟ ಹನ್ನೆರಡನ್ನು ಕೈಬಿಡುತ್ತದೆ. ಯಾವುದೋ ಒಂದು ಕುಳಿಯಲ್ಲಿ ಗ್ರಹಚಾರ ಕೆಟ್ಟು ಹದಿನೈದು ಹೊಡೆದರೂ ಲೆಕ್ಕಕ್ಕೆ ಒಂದು ಮಿತಿಯವರೆಗೆ ಮಾತ್ರ ಹಿಡಿಯುತ್ತದೆ. ಇಪ್ಪತ್ತೊಂದನೆಯ ಸುತ್ತನ್ನು ಆಡಿದ ದಿನ ಮೊದಲನೆಯದು ತಾನಾಗಿ ಬಿದ್ದುಹೋಗುತ್ತದೆ. ಸೋದರಮಾವನೂ ಇಷ್ಟು ಉದಾರವಾಗಿ ನಮ್ಮ ಲೆಕ್ಕವನ್ನು ಬರೆಯಲಾರ. ನಾನಾದರೋ 2001ನೆಯ ಇಸವಿಯ ಒಂದೇ ಒಂದು ಚೀಟಿಯನ್ನು ಇಪ್ಪತ್ತಮೂರು ವರ್ಷ ಕಿಸೆಯಲ್ಲಿಟ್ಟುಕೊಂಡು ಓಡಾಡಿದ್ದೆ. ನಮ್ಮ ಗೃಹಕೃತ್ಯಗಳಲ್ಲಿಯೂ ಈ ಪದ್ಧತಿ ಬಂದರೆ ಎಷ್ಟು ಚೆನ್ನ! ಕೊನೆಯ ಇಪ್ಪತ್ತು ಅಡುಗೆಗಳಲ್ಲಿ ಎಂಟನ್ನು, ಕೊನೆಯ ಇಪ್ಪತ್ತು ಮಾತುಗಳಲ್ಲಿ ಎಂಟನ್ನು ಹಿಡಿದು ಒಬ್ಬರನ್ನೊಬ್ಬರು ತೂಗುವುದಾದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ನೆಲಸೀತು.

ಮತ್ತೆ ಬಂದವರ ದೊಡ್ಡ ಕಥೆಗಳು ಈ ಆಟದಲ್ಲಿ ಇಲ್ಲದಿಲ್ಲ. ಅಮೆರಿಕದ ಬೆನ್ ಹೋಗನ್ 1949ರ ಫೆಬ್ರವರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದಾಗ ಎದುರಿನಿಂದ ಬಂದ ಬಸ್ಸು ಡಿಕ್ಕಿ ಹೊಡೆಯಿತು. ಪಕ್ಕದಲ್ಲಿದ್ದ ಹೆಂಡತಿಯನ್ನು ರಕ್ಷಿಸಲು ಅವಳಿಗೆ ಅಡ್ಡವಾಗಿ ಬಿದ್ದುದರಿಂದ ತಾನೂ ಬದುಕಿದ. ಮತ್ತೆ ನಡೆದಾನೆಯೇ ಎಂಬ ಶಂಕೆಯಿದ್ದವನು ಹದಿನಾರು ತಿಂಗಳ ಮೇಲೆ, 1950ರ ಜೂನಿನಲ್ಲಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಅಮೆರಿಕದ ಓಪನ್ ಪಂದ್ಯವನ್ನು ಗೆದ್ದ. ಅಷ್ಟೇ ಏಕೆ, ಗಾಲ್ಫ್ ಆಟವೇ ಒಲಿಂಪಿಕ್ಸಿನಿಂದ 1904ರಲ್ಲಿ ಹೊರಹೋಗಿ 112 ವರ್ಷಗಳ ಅನಂತರ 2016ರಲ್ಲಿ ರಿಯೋ ನಗರದಲ್ಲಿ ಹಿಂದಿರುಗಿತು. ಆ ಕೂಟದಲ್ಲಿ ಆಡಿದ ಬೆಂಗಳೂರಿನ ಅದಿತಿ ಅಶೋಕ್ ಆಗ ಹದಿನೆಂಟರ ಹುಡುಗಿ. ಮುಂದಿನ ಟೋಕಿಯೋ ಕೂಟದಲ್ಲಿ, 2021ರಲ್ಲಿ, ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವಳಾದಳು. 112 ವರ್ಷದ ಮುಂದೆ ನನ್ನ ಇಪ್ಪತ್ತಮೂರು ಯಾವ ಲೆಕ್ಕ?

ಆದರೆ ಆ ದೊಡ್ಡವರು ತಾವು ಬಿಟ್ಟ ಎತ್ತರಕ್ಕೇ ಮರಳಿ ಏರಿದವರು. ನಮ್ಮಂಥವರ ಮರಳುವಿಕೆ ಬೇರೆ. ನನ್ನ ಉದ್ದನೆಯ ಹೊಡೆತ ಮೊದಲಿಗಿಂತ ಅರುವತ್ತು ಗಜ ಮೊಟಕು. ಅದು ಇನ್ನು ಉದ್ದವಾಗುವುದಿಲ್ಲ. ವಾರಕ್ಕೆರಡು ದಿನ ಒಂಬತ್ತು ಕುಳಿ ಆಡಿದರೆ ಮಂಡಿ ಸಾಕೆನ್ನುತ್ತದೆ. ಖರ್ಚಿನ ವಿಷಯವನ್ನು ಕೇಳುವ ಗೃಹಿಣಿಯರಿಗೆ ಇಷ್ಟು ಹೇಳಬಲ್ಲೆ: ಹದಿನಾಲ್ಕು ಕೋಲುಗಳಿರಬಹುದೆಂಬುದು ಗರಿಷ್ಠ ಮಿತಿಯೇ ಹೊರತು ಕಡ್ಡಾಯವಲ್ಲ. ಏಳೆಂಟು ಹಳೆಯ ಕೋಲುಗಳಿಂದ ಆಟ ಧಾರಾಳವಾಗಿ ನಡೆಯುತ್ತದೆ. ಪೊದೆಯಲ್ಲಿ ಸಿಕ್ಕಿದ ಚೆಂಡು ಅಂಗಡಿಯ ಚೆಂಡಿನಷ್ಟೇ ದೂರ ಹೋಗುತ್ತದೆ. ಚೀಲವನ್ನು ತಾನೇ ಹೊತ್ತು ನಡೆದರೆ ವೈದ್ಯರು ಹೇಳಿದ ನಡಿಗೆಯೂ ಆಯಿತು. ಇಷ್ಟಾದರೂ ಇದು ಬಡವನ ಆಟವಲ್ಲ. ಅಷ್ಟು ನೆಲ, ಅಷ್ಟು ನೀರು ಬೇಡುವ ಆಟ ಎಲ್ಲರದೂ ಆಗಲಾರದೆಂಬುದನ್ನು ಮರೆಮಾಚುವುದು ಸಲ್ಲದು. ಮಳೆಯನ್ನು ಇಷ್ಟು ಧಾರಾಳವಾಗಿ ಸುರಿಸಿಕೊಳ್ಳುವ ನಮ್ಮೂರಿನಲ್ಲಿಯೂ ಏಪ್ರಿಲ್ ಬಂದರೆ ನೀರಿನ ಮಾತು ಬರುತ್ತದೆ.

ಇಪ್ಪತ್ತು ಸುತ್ತುಗಳು ಮುಗಿದವು. ನನ್ನ ಅಂಕಿ 27.6 ಎಂದು ಬಂತು. ಹಳೆಯದರ ಹತ್ತಿರಹತ್ತಿರ ಇಮ್ಮಡಿ. ಹಿಂದೆ ಇದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಈಗ ಹೇಳಬೇಕೆನಿಸಿತು, ಹೇಳಬೇಕಾದವನು ಒಬ್ಬನೇ ಎಂದೂ ಅನಿಸಿತು. ಗಣಿಯ ಹಳೆಯ ಸಹೋದ್ಯೋಗಿಗಳಿಬ್ಬರ ಮೂಲಕ ಅವನ ದೂರವಾಣಿಯ ಸಂಖ್ಯೆ ಸಿಕ್ಕಿತು. ಹುಡುಗನಿಗೆ ಈಗ ನಲುವತ್ತನಾಲ್ಕು ವರ್ಷ. ಇಪ್ಪತ್ತು ವರ್ಷ ಬೆಂಗಳೂರಿನ ರೈಲಿನಲ್ಲಿ ಓಡಾಡಿ ಈಗ ಅಲ್ಲಿಯೇ ಒಂದು ಕಟ್ಟಡದ ಲಿಫ್ಟು, ಪಂಪುಗಳನ್ನು ನೋಡಿಕೊಳ್ಳುತ್ತಾನೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಕುಶಲ ವಿಚಾರವಾದ ಮೇಲೆ ಅವನೇ ಕೇಳಿದ: “ಈಗ ಎಷ್ಟು ಸಾರ್?”

“ಇಪ್ಪತ್ತೇಳೂವರೆಗೂ ಮೇಲಪ್ಪ” ಎಂದೆ.

ಅವನು ನಕ್ಕ. “ಹದಿನಾಲ್ಕಿದ್ದಾಗ ಚೀಲ ನಾನು ಹೊರುತ್ತಿದ್ದೆ ಸಾರ್. ಈಗ ನೀವೇ ಹೊರುತ್ತಿದ್ದೀರಿ. ಅದಕ್ಕೆ ಇಪ್ಪತ್ತೇಳು.”

ಏಳನೆಯ ನಂಬರಿನ ಕೋಲು ಇದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೊಟ್ಟೆಪಾಡಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ಕಬ್ಬಿಣದ ಕೋಲಿನ ಲೆಕ್ಕವನ್ನು ಯಾರನ್ನೂ ಕೇಳಬಾರದು. ಅವನೇ ಹೇಳಿದ. ಬಾಗಿಲ ಹಿಂದೆ ನಿಲ್ಲಿಸಿದ್ದಾನಂತೆ. ಹಾವು ಬಂದರೆ ಇರಲಿ ಎಂದು ಹೆಂಡತಿಗೆ ಹೇಳಿದ್ದಾನಂತೆ. ಹಿಡಿಯ ರಬ್ಬರನ್ನು ಮಾತ್ರ ಎರಡು ಸಲ ಬದಲಾಯಿಸಿದ್ದಾನಂತೆ. ಹಾವಿಗೆ ಕಾಯುವ ಕೋಲಿಗೆ ಯಾರೂ ಹೊಸ ಹಿಡಿ ಹಾಕಿಸುವುದಿಲ್ಲ.

ಮಂಗಳೂರಿಗೆ ಬಾ ಎಂದೆ. ಡಿಸೆಂಬರಿನಲ್ಲಿ ರಜೆ ಸಿಕ್ಕರೆ ಹೆಂಡತಿ ಮಗಳೊಡನೆ ಬರುತ್ತೇನೆ, ಅವರಿಗೆ ಕಡಲು ತೋರಿಸಿದ ಹಾಗೂ ಆಯಿತು ಎಂದಿದ್ದಾನೆ. ಕೋಲನ್ನು ರೈಲಿನಲ್ಲಿ ತರಲು ಬಿಡುತ್ತಾರೆಯೇ ಎಂಬುದಷ್ಟೇ ಅವನ ಚಿಂತೆ. ಶ್ರೀಮತಿ ಈಗಿನಿಂದಲೇ ನೀರುದೋಸೆಯ ಅಕ್ಕಿಯ ಯೋಚನೆಯಲ್ಲಿದ್ದಾಳೆ. ನಾನು ಆ ತರುಣನ ಬಳಿ ಹೋಗಿ, ಇನ್ನೊಬ್ಬ ಆಟಗಾರರು ಬರುತ್ತಾರೆ, ಅವರ ಹೆಸರಿನಲ್ಲಿ ಒಂದು ಹೊಸ ಚೀಟಿ ತೆಗೆದಿಡಪ್ಪಾ ಎಂದು ಹೇಳಿ ಬಂದಿದ್ದೇನೆ. ಆ ದಿನ ಚೀಲ ಹೊರುವ ಸರದಿ ನನ್ನದು. ಐದನೆಯದಕ್ಕೆ ಅವನು ಕೈ ಹಾಕಿದರೆ ನಾನು ಏನನ್ನೂ ಹೇಳುವವನಲ್ಲ. ಯಾವ ಕೋಲು ಬೇಕೆಂಬುದು ಅವನಿಗೆ ಮೊದಲಿನಿಂದಲೂ ಗೊತ್ತು.